ಸಂಘಕ್ಕೊಂದು ಜಾಲತಾಣ: ಕಡಿಮೆ ಖರ್ಚಿನಲ್ಲಿ ಮಾಡಿಕೊಳ್ಳುವ ಬಗೆ



ಹೋದ ತಿಂಗಳು ಬಾಗಲವಾಡದಲ್ಲಿ ಹತ್ತಿಯ ಹುಳದ ವಿಚಾರ ಹೇಳಿ ಹೊರಡುತ್ತಿದ್ದಾಗ, ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಕರೆದು ಕೇಳಿದರು: "ತಮ್ಮಾ, ಸಂಘಕ್ಕ ವೆಬ್‌ಸೈಟ್ ಮಾಡಿಸ್ರಿ ಅಂತ ಹುಡುಗ್ರು ಗಂಟುಬಿದ್ದಾರ. ಪ್ಯಾಟ್ಯಾಗ ಒಬ್ಬನ್ನ ಕೇಳಿದ್ರ ನಲವತ್ತು ಸಾವಿರ ಅಂದಾನಂತ. ಒಂದು ಎತ್ತಿನ ರೊಕ್ಕ ಅದು. ಅಷ್ಟು ದೊಡ್ಡ ಕೆಲಸೇನು ಅದು?"

ಅವರ ಸಂಘ ಲಾಭಕ್ಕಾಗಿ ಕಟ್ಟಿದ್ದಲ್ಲ. ಊರಿನ ರೈತರೂ ಯುವಕರೂ ಸೇರಿ ಒಂದು ಸಣ್ಣ ವಾಚನಾಲಯ ನಡೆಸುತ್ತಾರೆ, ಬೇಸಿಗೆಯಲ್ಲಿ ಅರವಟ್ಟಿಗೆ ಇಡುತ್ತಾರೆ, ದನಕರುಗಳಿಗೆ ಲಸಿಕೆ ಹಾಕಿಸುವ ದಿನ ಎಲ್ಲರನ್ನೂ ಸೇರಿಸುತ್ತಾರೆ. ಇಂಥ ಸಂಘಕ್ಕೆ ನಲವತ್ತು ಸಾವಿರ ಬೇಕಿಲ್ಲ. ವರ್ಷಕ್ಕೆ ಒಂದು ಸಾವಿರ ರೂಪಾಯಿಯ ಆಸುಪಾಸು, ಹತ್ತು ಹದಿನೈದು ಸಂಜೆಯ ದುಡಿಮೆ, ಇಷ್ಟು ಸಾಕು ಎಂದೆ. ಅವರು ನಂಬಲಿಲ್ಲ. ಆದ್ದರಿಂದ ಅದನ್ನೇ ಈ ಸಂಚಿಕೆಯ ಪಾಠವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪೂ ಉಂಟು. ಅದನ್ನು ಮುಚ್ಚಿಟ್ಟು ಪಾಠ ಹೇಳುವುದು ಸರಿಯಲ್ಲ.

ಜಾಲತಾಣವೆಂದರೆ ನಿಮಗೆ ಗೊತ್ತಿಲ್ಲದ ವಸ್ತುವೇನೂ ಅಲ್ಲ. ತಲಾಠಿಯ ಬೆನ್ನು ಹತ್ತಿ ಕೈಬರಹದ ಪಹಣಿ ಪಡೆಯುತ್ತಿದ್ದ ಕಾಲ ಹೋಗಿ ಇಪ್ಪತ್ತು ವರ್ಷಗಳಿಗೂ ಮೇಲಾಯಿತು. ಇಂದು 'ಭೂಮಿ'ಯ ಜಾಲತಾಣ ತೆರೆದು ಸರ್ವೆ ನಂಬರು ಹಾಕಿದರೆ ಪಹಣಿ ಕಣ್ಣಿಗೆ ಬೀಳುತ್ತದೆ. ಅದೇ ಬಗೆಯ ಪುಟ ನಿಮ್ಮ ಸಂಘಕ್ಕೂ ಇರಬಹುದು, ಆದರೆ ಗಾತ್ರ ಚಿಕ್ಕದು. ಅದಕ್ಕೆ ಮೂರು ವಸ್ತು ಬೇಕು. ಒಂದು ಹೆಸರು, ಅಂದರೆ ಜನರು ಫೋನಿನಲ್ಲಿ ಬರೆದು ಹುಡುಕುವ ವಿಳಾಸ. ಇದಕ್ಕೆ ಡೊಮೇನ್ ಎನ್ನುತ್ತಾರೆ. ಎರಡನೆಯದು ಜಾಗ, ಅಂದರೆ ಪುಟಗಳನ್ನು ಇರಿಸುವ, ಹಗಲಿರುಳು ಚಾಲೂ ಇರುವ ದೂರದ ಕಂಪ್ಯೂಟರು. ಇದಕ್ಕೆ ಹೋಸ್ಟಿಂಗ್ ಎನ್ನುತ್ತಾರೆ. ಮೂರನೆಯದು ಪುಟಗಳು. ಜಾಗ ಇಂದು ಬಿಟ್ಟಿಯಾಗಿ ಸಿಗುತ್ತದೆ. ಪುಟಗಳನ್ನು ನೀವೇ ಬರೆಯಬಹುದು. ರೊಕ್ಕ ಕೊಡಬೇಕಾದದ್ದು ಹೆಸರಿಗೆ ಮಾತ್ರ.

ಮೊದಲು ಒಂದು ಪ್ರಶ್ನೆ: ನಿಮಗೆ ಇದು ಬೇಕೆ? ಸಂಘದ ಸದಸ್ಯರಿಗೆ ಸಭೆಯ ಸುದ್ದಿ ಮುಟ್ಟಿಸಬೇಕಾದರೆ ಡಂಗುರವೂ ವಾಟ್ಸ್‌ಆಪ್ ಗುಂಪೂ ಸಾಕು. ಅದಕ್ಕಾಗಿ ಜಾಲತಾಣ ಮಾಡಬೇಡಿರಿ. ಜಾಲತಾಣ ಇರುವುದು ಊರ ಹೊರಗಿನವನಿಗಾಗಿ. ಬೆಂಗಳೂರಿಗೆ ದುಡಿಯಲು ಹೋದ ಊರಿನ ಮಗ, ವಾಚನಾಲಯಕ್ಕೆ ಪುಸ್ತಕ ಕೊಡಬೇಕೆಂದಿರುವ ನಿವೃತ್ತ ಮಾಸ್ತರು, ಸಂಘದ ಅರ್ಜಿ ಕೈಯಲ್ಲಿ ಹಿಡಿದಿರುವ ಬ್ಯಾಂಕಿನ ಮ್ಯಾನೇಜರು, ಇವರೆಲ್ಲ ಮೊದಲು ಮಾಡುವ ಕೆಲಸ ಫೋನಿನಲ್ಲಿ ನಿಮ್ಮ ಹೆಸರು ಹಾಕಿ ನೋಡುವುದು. ಈ ಸಂಘ ನಿಜವಾಗಿ ಉಂಟೇ, ಯಾರು ನಡೆಸುತ್ತಾರೆ, ಕೊಟ್ಟ ರೊಕ್ಕ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಕ್ಕರೆ ಸಾಕು.

ಪಹಣಿ ಯಾರ ಹೆಸರಿನಲ್ಲಿ?

ಇನ್ನು ನನ್ನ ತಪ್ಪು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಬಂದ ಹೊಸದರಲ್ಲಿ ಬೇರೊಂದು ಊರಿನ ಸಂಘಕ್ಕೆ ನಾನೇ ಉತ್ಸಾಹದಿಂದ ಜಾಲತಾಣ ಮಾಡಿಕೊಟ್ಟೆ. ಹೆಸರನ್ನು ನನ್ನ ಇ-ಅಂಚೆ ವಿಳಾಸದಿಂದ, ನನ್ನ ಫೋನ್ ಸಂಖ್ಯೆ ಕೊಟ್ಟು, ನನ್ನ ಕೈಯಿಂದಲೇ ರೊಕ್ಕ ತೆತ್ತು ಕೊಂಡೆ. ಉಪಕಾರ ಮಾಡಿದೆನೆಂಬ ಹೆಮ್ಮೆ ಬೇರೆ. ಸಂಘದವರು ಸಂತೋಷದಿಂದ ವಾಚನಾಲಯದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಆ ವಿಳಾಸ ಬರೆಸಿದರು.

ಡೊಮೇನ್ ಹೆಸರನ್ನು ಕೊಳ್ಳುವುದು ಎನ್ನುತ್ತೇವಾದರೂ ಅದು ನಿಜವಾಗಿ ಖರೀದಿಯಲ್ಲ, ಹೊಲ ಲಾವಣಿಗೆ ಹಿಡಿದಂತೆ. ಕೊಟ್ಟ ಅವಧಿ ಮುಗಿಯುವ ಮೊದಲು ಮತ್ತೆ ರೊಕ್ಕ ಕಟ್ಟಬೇಕು. ಎರಡು ವರ್ಷ ಕಟ್ಟಿದೆ. ಮೂರನೆಯ ವರ್ಷ ನನ್ನ ಫೋನೂ ಸಂಖ್ಯೆಯೂ ಬದಲಾಗಿದ್ದವು. ಆ ಹಳೆಯ ಇ-ಅಂಚೆಯನ್ನು ತೆರೆಯುವುದನ್ನೂ ಬಿಟ್ಟಿದ್ದೆ. ಜ್ಞಾಪನ ಪತ್ರಗಳು ಅಲ್ಲಿಗೆ ಬಂದು ಬಿದ್ದಿದ್ದವೆಂದು ತಿಳಿದದ್ದು ಎಲ್ಲ ಮುಗಿದ ಮೇಲೆ. ಗಡುವು ದಾಟಿತು, ಹೆಸರು ಬಿಟ್ಟುಹೋಯಿತು, ಯಾರೋ ಅದನ್ನು ಹಿಡಿದು ಇಸ್ಪೀಟಿನ ಜಾಹೀರಾತು ಹಾಕಿದರು. ಊರಿನವರೇ ಆದ, ಈಗ ಬಳ್ಳಾರಿಯಲ್ಲಿರುವ ಒಬ್ಬ ಮಾಸ್ತರು ವಾಚನಾಲಯಕ್ಕೆ ಕಪಾಟು ಕೊಡಬೇಕೆಂದು ಆ ವಿಳಾಸ ತೆರೆದರೆ ರಮ್ಮಿ ಆಡಲು ಕರೆಯುತ್ತಿದೆ! ಅಧ್ಯಕ್ಷರಿಗೆ ಫೋನ್ ಮಾಡಿ, "ಸಂಘ ಎಂದಿನಿಂದ ಎಲಿ ಆಡಸಾಕ ಹತ್ತೈತಿ?" ಎಂದು ಕೇಳಿದರಂತೆ.

ಅಧ್ಯಕ್ಷರು ನನ್ನನ್ನು ಬೈಯಲಿಲ್ಲ. "ಗ್ರಾಮಸೇವಕರೇ, ಅದರ ಪಹಣಿ ಯಾರ ಹೆಸರಿನಾಗಿತ್ತು?" ಎಂದು ಕೇಳಿದರು. ನನ್ನ ಹೆಸರಿನಲ್ಲಿತ್ತು ಎಂದೆ. ಗೋಡೆಯ ಮೇಲಿನ ವಿಳಾಸಕ್ಕೆ ನಾವಿಬ್ಬರೂ ಸೇರಿ ಸುಣ್ಣ ಬಳಿದೆವು.

ಹೊಲದ ವಿಚಾರದಲ್ಲಿ ನಾವೆಲ್ಲ ಜಾಣರು. ಅಣ್ಣತಮ್ಮಂದಿರ ನಡುವೆಯೂ ಹೆಸರು ಬದಲಾಯಿಸಿಕೊಳ್ಳದೆ ಹೊಲ ಹಂಚಿಕೊಂಡರೆ ಮಕ್ಕಳ ಕಾಲಕ್ಕೆ ಕೋರ್ಟು ತಪ್ಪದೆಂದು ಬಲ್ಲೆವು. ಜಾಲತಾಣದಲ್ಲಿ ಮಾತ್ರ, ಕಂಪ್ಯೂಟರ್ ಬಲ್ಲ ಹುಡುಗನ ಕೈಗೆ ಎಲ್ಲವನ್ನೂ ಕೊಟ್ಟು ಸುಮ್ಮನಾಗುತ್ತೇವೆ. ಆ ಹುಡುಗ ಕೆಟ್ಟವನೆಂದಲ್ಲ. ಅವನಿಗೆ ಕೆಲಸ ಸಿಗುತ್ತದೆ, ಮದುವೆಯಾಗುತ್ತದೆ, ಫೋನು ನೀರಿಗೆ ಬೀಳುತ್ತದೆ.

ಆದ್ದರಿಂದ ಕೆಲಸ ಮೊದಲಾಗಬೇಕಾದದ್ದು ಕಂಪ್ಯೂಟರಿನ ಮುಂದಲ್ಲ, ಸಂಘದ ಸಭೆಯಲ್ಲಿ. ಜಾಲತಾಣ ಮಾಡುವುದೆಂದೂ, ಅದರ ಹೆಸರು ಸಂಘದ ಸ್ವತ್ತೆಂದೂ, ಇಂಥ ಇಬ್ಬರು ಅದನ್ನು ನೋಡಿಕೊಳ್ಳತಕ್ಕದ್ದೆಂದೂ ಠರಾವು ಬರೆದು ನಡಾವಳಿ ಪುಸ್ತಕದಲ್ಲಿ ಸಹಿ ಹಾಕಿಸಿರಿ. ಅನಂತರ ಸಂಘದ ಹೆಸರಿನಲ್ಲೇ ಒಂದು ಹೊಸ ಇ-ಅಂಚೆ ಖಾತೆ ತೆರೆಯಿರಿ. ಜಿಮೇಲ್ ಆದರೆ ಬಿಟ್ಟಿ. ಅದಕ್ಕೆ ಕೊಡುವ ಫೋನ್ ಸಂಖ್ಯೆ ಯಾವ ಹುಡುಗನದೂ ಆಗದಿರಲಿ. ಸಂಘಕ್ಕೆಂದೇ ಒಂದು ಸಿಮ್ ಇದ್ದರೆ ಉತ್ತಮ, ಆದರೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬಾರದು. ಮೂರು ತಿಂಗಳು ಬಳಸದ, ರೊಕ್ಕ ಹಾಕದ ಸಂಖ್ಯೆಯನ್ನು ಕಂಪನಿಯವರು ಬಂದ್ ಮಾಡಬಹುದು. ಆಮೇಲೆ ಓಟಿಪಿ ಯಾರಿಗೆ ಬರಬೇಕು?

ಗೂಗಲ್ ಖಾತೆಯ 'ಭದ್ರತೆ' ಎಂಬ ಭಾಗದಲ್ಲಿ ಎರಡು ಹಂತದ ಬೀಗ ಹಾಕಿಕೊಂಡರೆ ಹತ್ತು ಬ್ಯಾಕಪ್ ಸಂಕೇತಗಳ ಪಟ್ಟಿ ಪಡೆಯಬಹುದು. ಫೋನ್ ಕಳೆದ ದಿನ ಆ ಸಂಕೇತವೇ ಕೀಲಿಕೈ. ಅದನ್ನೂ ಗುಪ್ತಪದವನ್ನೂ ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ಅಧ್ಯಕ್ಷರ ಸಹಿ ಮಾಡಿಸಿ, ಖಜಾಂಚಿಯ ಪೆಟ್ಟಿಗೆಯಲ್ಲಿ ಚೆಕ್ ಪುಸ್ತಕದ ಜೊತೆಗೆ ಇಡಿರಿ. ಇನ್ನೊಂದು ಎಚ್ಚರಿಕೆ: ಎರಡು ವರ್ಷ ಯಾರೂ ತೆರೆಯದ ಖಾಸಗಿ ಖಾತೆಯನ್ನು ಅಳಿಸಿಹಾಕಬಹುದೆಂಬ ನಿಯಮವನ್ನು ಗೂಗಲ್‌ನವರು 2023ರಲ್ಲಿ ತಂದಿದ್ದಾರೆ. ತಿಂಗಳಿಗೊಮ್ಮೆಯಾದರೂ ಅಂಚೆ ತೆರೆದು ನೋಡುವ ರೂಢಿ ಇರಬೇಕು.

ಹೆಸರಿನ ಆಯ್ಕೆ

ಡಾಟ್ ಇನ್, ಡಾಟ್ ಆರ್ಗ್ ಎಂದು ಹೆಸರಿಗೆ ಬಾಲ ಇರುತ್ತದೆ. ಡಾಟ್ ಇನ್ ನಮ್ಮ ದೇಶದ್ದು. ಡಾಟ್ ಆರ್ಗ್ ಬಹುಕಾಲದಿಂದ ಸೇವಾಸಂಸ್ಥೆಗಳು ಬಳಸುತ್ತ ಬಂದದ್ದು. ಎರಡರಲ್ಲಿ ಯಾವುದಾದರೂ ಆದೀತು. ಕನ್ನಡ ಅಕ್ಷರಗಳಲ್ಲೇ ಬರೆಯುವ, ಡಾಟ್ ಭಾರತ ಎಂದು ಕೊನೆಯಾಗುವ ಹೆಸರೂ ಉಂಟು. ಅಭಿಮಾನದ ವಿಷಯವೇ. ಆದರೆ ಬ್ಯಾಂಕಿನ ಗುಮಾಸ್ತನ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆ ಇರುತ್ತದೆಂದು ಹೇಳಲಾಗದು. ಮೊದಲ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ ಎಂಬುದು ನನ್ನ ಅಭಿಪ್ರಾಯ.

ಇಂಗ್ಲಿಷ್ ಅಕ್ಷರವೆಂದೊಡನೆ ನಮ್ಮ ಕಡೆ ಒಂದು ತೊಡಕು ಬರುತ್ತದೆ. ಕನ್ನಡದಲ್ಲೇ ಮಾನ್ವಿ ಎನ್ನುವವರುಂಟು, ಮಾನವಿ ಎನ್ನುವವರುಂಟು. ಬಾಗಲವಾಡವನ್ನು ಒಬ್ಬರು 'ವಿ' ಅಕ್ಷರದಿಂದ ಬರೆದರೆ ಇನ್ನೊಬ್ಬರು 'ಡಬ್ಲ್ಯು'ದಿಂದ ಬರೆಯುತ್ತಾರೆ. ನಡುವೆ ಎಷ್ಟು 'ಎ' ಹಾಕಬೇಕೆಂಬುದಕ್ಕೂ ಲೆಕ್ಕವಿಲ್ಲ. ಇದಕ್ಕೊಂದು ಸುಲಭ ಪರೀಕ್ಷೆ. ಹೆಸರನ್ನು ಆರಿಸಿದ ಮೇಲೆ ಬೇರೆ ಊರಿನ ಮೂವರಿಗೆ ಫೋನ್ ಮಾಡಿ, ಬಾಯಲ್ಲಿ ಹೇಳಿ, ಬರೆದು ಕಳಿಸಲು ಹೇಳಿರಿ. ಮೂವರೂ ಒಂದೇ ರೀತಿ ಬರೆದರೆ ಆ ಹೆಸರು ಒಳ್ಳೆಯದು. ಇಲ್ಲವಾದರೆ ಅಕ್ಷರ ಕಡಿಮೆ ಮಾಡಿರಿ. 'ಶ್ರೀ', 'ಸಮಗ್ರ', 'ಅಭಿವೃದ್ಧಿ' ಎಲ್ಲ ನೋಂದಣಿ ಪತ್ರದಲ್ಲಿರಲಿ, ವಿಳಾಸ ಮೋಟಾಗಿರಲಿ.

ಹೆಸರು ಮಾರುವ ಕಂಪನಿಗಳು ಬಹಳ. ಮೊದಲ ವರ್ಷಕ್ಕೆ ನೂರಿನ್ನೂರು ರೂಪಾಯಿ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಎರಡನೆಯ ವರ್ಷದ ದರ ಎಷ್ಟೆಂದು ನೋಡಿಯೇ ಕೊಳ್ಳಿರಿ. ಅದೇ ನಿಜವಾದ ದರ. ರೊಕ್ಕ ಕೊಡುವ ಪುಟದಲ್ಲಿ ಅದು ಬೇಕೇ, ಇದು ಬೇಕೇ ಎಂದು ಐದಾರು ವಸ್ತುಗಳನ್ನು ತೂಗುಹಾಕಿರುತ್ತಾರೆ. ಗೊಬ್ಬರದ ಜೊತೆಗೆ ಬೇಡದ ಡಬ್ಬಿ ಕಟ್ಟುವ ಅಂಗಡಿಯವರನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಹೆಸರೊಂದನ್ನೇ ಕೊಂಡು ಹೊರಬನ್ನಿರಿ. ಮಾಲೀಕರ ಹೆಸರಿನ ಜಾಗದಲ್ಲಿ ಸಂಸ್ಥೆ ಎಂಬಲ್ಲಿ ಸಂಘದ ನೋಂದಾಯಿತ ಹೆಸರನ್ನೂ, ಇ-ಅಂಚೆ ಎಂಬಲ್ಲಿ ಸಂಘದ ಇ-ಅಂಚೆಯನ್ನೂ ತುಂಬಿರಿ. ರಸೀದಿಯನ್ನು ಅಚ್ಚುಹಾಕಿಸಿ ವೋಚರ್ ಫೈಲಿಗೆ ಸೇರಿಸಿರಿ.

ಡಾಟ್ ಆರ್ಗ್ ಹೆಸರಾದರೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮುಂಚೆ, ಮತ್ತೆ ಒಂದು ವಾರ ಮುಂಚೆ, ಮಾರಿದವರು ಜ್ಞಾಪನ ಪತ್ರ ಕಳಿಸಲೇಬೇಕೆಂಬ ನಿಯಮವುಂಟು. ಮುಗಿದ ಮೇಲೂ ಕೆಲವು ದಿನ ಹೆಸರನ್ನು ಬಿಡಿಸಿಕೊಳ್ಳಲು ಅವಕಾಶವಿರುತ್ತದೆ, ತಡವಾದಷ್ಟೂ ದಂಡ ಹೆಚ್ಚು. ಒಮ್ಮೆಗೆ ಹತ್ತು ವರ್ಷದವರೆಗೂ ಕಟ್ಟಬಹುದು. ಎರಡು ಮೂರು ವರ್ಷಕ್ಕೆ ಕಟ್ಟಿದರೆ ಸಾಕು. ಸಂಘದ ಲೆಕ್ಕ ಮುಗಿಸುವ ಮಾರ್ಚಿ ತಿಂಗಳಲ್ಲೇ ಹೆಸರು ಕೊಂಡರೆ ಇನ್ನೂ ಅನುಕೂಲ. ಪ್ರತಿವರ್ಷ ಲೆಕ್ಕ ನೋಡುವಾಗ ಈ ಬಾಬೂ ಕಣ್ಣಿಗೆ ಬೀಳುತ್ತದೆ.

ಪುಟ ಬರೆಯುವುದು

ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಬರೆಯಿರಿ. ನಾಲ್ಕು ಹಾಳೆ ಸಾಕು: ನಾವು ಯಾರು, ಏನು ಮಾಡುತ್ತೇವೆ, ಲೆಕ್ಕ, ನಮ್ಮನ್ನು ಕಾಣುವುದು ಹೇಗೆ. ಎಲ್ಲ ಸಂಘಗಳೂ ಮೊದಲ ಹಾಳೆಯಲ್ಲೇ ಎಡವುತ್ತವೆ. ಗ್ರಾಮೀಣ ಜನತೆಯ ಸರ್ವತೋಮುಖ ಅಭ್ಯುದಯದ ಮಹದಾಶಯವನ್ನು ಹೊತ್ತು ಎಂದು ಆರಂಭಿಸಿ, ಊರಿನ ಹೆಸರು ಬರುವ ಹೊತ್ತಿಗೆ ಓದುವವನು ಎದ್ದುಹೋಗಿರುತ್ತಾನೆ. ಹೀಗೆ ಬರೆಯಿರಿ: "ನಾವು ರಾಯಚೂರು ಜಿಲ್ಲೆಯ ಇಂಥ ಗ್ರಾಮದ ಇಷ್ಟು ಜನ ರೈತರು ಮತ್ತು ಯುವಕರು. ಇಂಥ ವರ್ಷ ಸಂಘ ನೋಂದಣಿಯಾಯಿತು, ನೋಂದಣಿ ಸಂಖ್ಯೆ ಇಂತಿಷ್ಟು. ಊರಿನಲ್ಲಿ ವಾಚನಾಲಯ ನಡೆಸುತ್ತೇವೆ. ಸಂಜೆ 5ರಿಂದ 8ರವರೆಗೆ ತೆರೆದಿರುತ್ತದೆ." ಇದನ್ನು ಓದಿದವನಿಗೆ ನಿಮ್ಮ ಊರಿನ ಬಾಗಿಲು ಕಂಡಂತಾಗುತ್ತದೆ.

ಲೆಕ್ಕದ ಹಾಳೆಯಲ್ಲಿ ಮೂರೇ ಸಾಲು: ಕಳೆದ ವರ್ಷ ಬಂದದ್ದು, ಖರ್ಚಾದದ್ದು, ಉಳಿದದ್ದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಮೇರೆಗೆ ನೋಂದಣಿಯಾದ ಸಂಘ ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಹೇಗೂ ಒಪ್ಪಿಸಲೇಬೇಕು. ಅದರ ಅಂಕಿಗಳನ್ನೇ ಇಲ್ಲಿ ಇಳಿಸಿದರೆ ಆಯಿತು. ಮೊತ್ತ ಚಿಕ್ಕದೆಂದು ನಾಚಬೇಡಿರಿ. ಹದಿನೆಂಟು ಸಾವಿರದ ಲೆಕ್ಕವನ್ನು ಬಿಚ್ಚಿ ತೋರಿಸುವ ಸಂಘವನ್ನು ಜನ ನಂಬುವಷ್ಟು, ಲಕ್ಷಗಳ ಮಾತಾಡಿ ಲೆಕ್ಕ ಹೇಳದ ಸಂಘವನ್ನು ನಂಬುವುದಿಲ್ಲ.

ಕನ್ನಡದಲ್ಲೇ ಬರೆಯಿರಿ, ಬೇಕಾದರೆ ಕೊನೆಗೆ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಸೇರಿಸಬಹುದು. 1996ರಲ್ಲಿ ಯು. ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ತಾಣ ತೆರೆದಾಗ ಪರದೆಯ ಮೇಲೆ ಕನ್ನಡ ಮೂಡಿಸುವುದೇ ಒಂದು ಸಾಹಸವಾಗಿತ್ತು. ಈಗ ಯಾವ ಫೋನಿನಲ್ಲಾದರೂ ಕನ್ನಡ ಕಾಣುತ್ತದೆ, ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತದೆ. ಒಂದು ಮಾತ್ರ ನೆನಪಿರಲಿ. ಅಕ್ಷರ ಯೂನಿಕೋಡ್ ಆಗಿರಬೇಕು. ಡಿ.ಟಿ.ಪಿ. ಅಂಗಡಿಯಲ್ಲಿ ಹಳೆಯ ನುಡಿ ಅಥವಾ ಬರಹ ಅಕ್ಷರದಲ್ಲಿ ಹೊಡೆಸಿದ ಕರಪತ್ರವನ್ನು ಹಾಗೆಯೇ ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರವೂ ಚಿಹ್ನೆಗಳೂ ಕಲಸಿದ ಗೊಜ್ಜಿನಂತೆ ಕಾಣುತ್ತದೆ. ಕಂಪ್ಯೂಟರ್ ಕೆಟ್ಟಿತೆಂದು ಗಾಬರಿಯಾಗಬೇಡಿರಿ. ಯೂನಿಕೋಡಿಗೆ ಬದಲಾಯಿಸಿಕೊಡಲು ಆ ಅಂಗಡಿಯವರಿಗೇ ಹೇಳಿರಿ. ಬದಲಾಯಿಸುವ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತದೆ. ಬದಲಾದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಓದಿ ತಿದ್ದಿರಿ.

ಪುಟ ಕಟ್ಟಲು ಹಲವು ಸಾಧನಗಳುಂಟು. ವರ್ಡ್‌ಪ್ರೆಸ್ ಬಹಳ ಪ್ರಸಿದ್ಧವಾದದ್ದು. ಆದರೆ ಅದನ್ನು ಸ್ವಂತ ಜಾಗದಲ್ಲಿ ಇಟ್ಟರೆ ಆಗಾಗ ಹೊಸ ಆವೃತ್ತಿಗೆ ಏರಿಸುತ್ತಿರಬೇಕು. ಬಿಟ್ಟರೆ ಕಳ್ಳರು ನುಗ್ಗುತ್ತಾರೆ, ಬೇಲಿ ಕಟ್ಟದ ಹೊಲಕ್ಕೆ ದನ ನುಗ್ಗಿದಂತೆ. ನಾಲ್ಕೇ ಹಾಳೆಯ ಸಂಘಕ್ಕೆ, ಕಲಿಯುವವನಿಗೆ, ಗೂಗಲ್ ಸೈಟ್ಸ್ ಸಾಕೆಂದು ಹೇಳುತ್ತೇನೆ. ರೊಕ್ಕವಿಲ್ಲ, ಬೇಲಿ ಕಾಯುವ ಕೆಲಸವೂ ಅವರದೇ. ಇದನ್ನು ಫೋನಿನಲ್ಲಿ ಕಟ್ಟುವುದು ಕಷ್ಟ, ಕಂಪ್ಯೂಟರ್ ಬೇಕು. ನಿಮ್ಮ ಪಂಚಾಯಿತಿಯ ಗ್ರಂಥಾಲಯ ಅರಿವು ಕೇಂದ್ರವಾಗಿ ಅಲ್ಲಿ ಕಂಪ್ಯೂಟರ್ ಇದ್ದರೆ ಕೇಳಿರಿ. ಕೆಲಸವಾದ ಮೇಲೆ ಖಾತೆಯಿಂದ ಹೊರಬಂದು ಏಳಬೇಕು. ಸಂಘದ ಖಾತೆಯಿಂದ ಒಳಹೊಕ್ಕು ಹೊಸ ತಾಣ ಎಂದು ಒತ್ತಿದರೆ ಖಾಲಿ ಹಾಳೆ ಬರುತ್ತದೆ. ಬಲಗಡೆಯ ಪಟ್ಟಿಯಿಂದ ಬರಹದ ಚೌಕ, ಚಿತ್ರ, ಹೊಸ ಪುಟ ಎಂದು ಒಂದೊಂದನ್ನೇ ಸೇರಿಸುತ್ತ ಹೋಗಬಹುದು. ಪ್ರಕಟಿಸು ಎಂದು ಒತ್ತುವವರೆಗೂ ಹೊರಗಿನವರಿಗೆ ಏನೂ ಕಾಣುವುದಿಲ್ಲ. ಧೈರ್ಯವಾಗಿ ಕೆಡಿಸಿ, ತಿದ್ದಿ ಕಲಿಯಿರಿ.

ಹುಡುಗರು ತಮ್ಮ ತಮ್ಮ ಖಾತೆಯಿಂದಲೂ ಪುಟ ತಿದ್ದಬಹುದು. ಹಂಚಿಕೊಳ್ಳುವ ಗುಂಡಿ ಒತ್ತಿ ಅವರನ್ನು ಸಂಪಾದಕರೆಂದು ಸೇರಿಸಿದರೆ ಆಯಿತು, ಗುಪ್ತಪದ ಹೇಳಬೇಕಿಲ್ಲ. ಊರು ಬಿಟ್ಟವನ ಹೆಸರನ್ನು ತೆಗೆದುಹಾಕಲೂ ಸುಲಭ. ಉಳುವವನೇ ಹೊಲದೊಡೆಯ ಎಂಬುದು ಹೊಲಕ್ಕೆ ನ್ಯಾಯವಾದ ಮಾತು. ಇಲ್ಲಿ ಮಾತ್ರ ಉಳುವವರು ಹುಡುಗರು, ಒಡೆತನ ಸಂಘದ್ದು.

ಕೊಂಡ ಹೆಸರನ್ನೂ ಕಟ್ಟಿದ ಪುಟವನ್ನೂ ಜೋಡಿಸುವ ಕೆಲಸ ಉಳಿಯಿತು. ಹೆಸರು ಮಾರಿದವರ ತಾಣದಲ್ಲಿ ಡಿ.ಎನ್.ಎಸ್. ಎಂಬ ಪುಟವಿದೆ. ಈ ಹೆಸರು ಕೇಳಿ ಬಂದವರನ್ನು ಆ ಮನೆಗೆ ಕಳಿಸು ಎಂದು ಅಂಚೆಯವನಿಗೆ ಬರೆದುಕೊಡುವ ಚೀಟಿ ಅದು. ಗೂಗಲ್ ಸೈಟ್ಸಿನ ಸೆಟ್ಟಿಂಗ್‌ನಲ್ಲಿ ನಿಮ್ಮ ಡೊಮೇನ್ ಹಾಕಿದರೆ, ಚೀಟಿಯಲ್ಲಿ ಏನು ಬರೆಯಬೇಕೆಂಬುದನ್ನು ಅದೇ ಹೇಳುತ್ತದೆ. ಅಕ್ಷರ ಬಿಡದೆ ನಕಲು ಮಾಡಿರಿ. ಕೂಡಲೇ ಕಾಣದಿದ್ದರೆ ಮತ್ತೆ ಮತ್ತೆ ಬದಲಾಯಿಸಬೇಡಿರಿ. ಒಂದೆರಡು ದಿನ ಹಿಡಿಯಬಹುದು. ಬಿತ್ತಿದ ಮರುದಿನ ಮಣ್ಣು ಕೆದರಿ ಮೊಳಕೆ ನೋಡುವವರಿಲ್ಲ.

ಫೋಟೋ ಮತ್ತು ದೇಣಿಗೆ

ಇಂದಿನ ಫೋನುಗಳ ಫೋಟೋ ಒಂದೊಂದೂ ಮೂರು ನಾಲ್ಕು ಎಂ.ಬಿ. ಇರುತ್ತದೆ. ಹಳ್ಳಿಯ ನೆಟ್‌ವರ್ಕಿನಲ್ಲಿ ಅದು ತೆರೆಯುವಷ್ಟರಲ್ಲಿ ಚಹಾ ಆರುತ್ತದೆ. ಇನ್ನೂರು ಕೆ.ಬಿ.ಯ ಒಳಗೆ ಇಳಿಸಿ ಹಾಕಿರಿ. ಹಾರ ತುರಾಯಿಯ ಫೋಟೋ ಒಂದೇ ಇರಲಿ. ವಾಚನಾಲಯದಲ್ಲಿ ಓದುತ್ತಿರುವವರ, ಲಸಿಕೆಗೆ ಎತ್ತು ಹಿಡಿದು ನಿಂತವರ ಫೋಟೋ ಇರಲಿ, ಅವರನ್ನು ಕೇಳಿದ ಮೇಲೆ. ನೆರವು ಪಡೆದ ವಿಧವೆಯ ಹೆಸರು, ಮಕ್ಕಳ ಮುಖ, ಯಾರದೇ ಆಧಾರ್ ಪತ್ರ ಅಥವಾ ಪಾಸ್‌ಬುಕ್ ಹಾಕತಕ್ಕದ್ದಲ್ಲ. ಜನರ ಖಾಸಗಿ ವಿವರಗಳನ್ನು ಕಾಪಾಡಲು 2023ರಲ್ಲಿ ಕೇಂದ್ರದ ಕಾಯಿದೆಯೂ ಬಂದಿದೆ. ಕಾಯಿದೆ ಇರದಿದ್ದರೂ, ಕೊಟ್ಟ ಐದುನೂರು ರೂಪಾಯಿಯನ್ನು ಲೋಕಕ್ಕೆಲ್ಲ ತೋರಿಸಿ ಒಬ್ಬರ ಮಾನ ಕಳೆಯುವುದು ನಮ್ಮ ಊರಿನ ರೀತಿಯಲ್ಲ.

ದೇಣಿಗೆ ಕೇಳುವುದಾದರೆ ಸಂಘದ ಹೆಸರಿನ ಬ್ಯಾಂಕ್ ಖಾತೆಗೆ ಜೋಡಿಸಿದ ಯು.ಪಿ.ಐ. ಚೌಕ ಹಾಕಿರಿ, ಕಾರ್ಯದರ್ಶಿಯ ಸ್ವಂತ ಫೋನ್ ಪೇ ಸಂಖ್ಯೆ ಬೇಡವೇ ಬೇಡ. ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಇರದೆ 'ತೆರಿಗೆ ವಿನಾಯಿತಿ ಉಂಟು' ಎಂದು ಬರೆಯಬಾರದು. ಪರದೇಶದ ದೇಣಿಗೆಗೆ 2010ರ ವಿದೇಶಿ ವಂತಿಗೆ ಕಾಯಿದೆಯ ಕೆಳಗೆ ಕೇಂದ್ರದ ಅನುಮತಿ ಬೇಕು, ಅದಿಲ್ಲದೆ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. ಯಾರಾದರೂ ಪ್ರೀತಿಯಿಂದ ಕಳಿಸುತ್ತೇನೆಂದರೆ ಮೊದಲು ಲೆಕ್ಕ ತಪಾಸಣೆಯವರನ್ನು ಕೇಳಿರಿ.

ನಾನು ಕೆಡಿಸಿದ ಆ ಊರಿನ ಸಂಘ ಈಗ ಬೇರೆ ಹೆಸರಿನಿಂದ ಮತ್ತೆ ತಾಣ ಮಾಡಿಕೊಂಡಿದೆ. ಈ ಸಲ ಗೋಡೆಯ ಮೇಲೆ ವಿಳಾಸದ ಕೆಳಗೆ, ರೊಕ್ಕ ಕಟ್ಟಬೇಕಾದ ತಿಂಗಳನ್ನೂ ಬಣ್ಣದಲ್ಲಿ ಬರೆಸಿದ್ದಾರೆ. ದಾರಿಯಲ್ಲಿ ಹೋಗುವ ಶಾಲೆಯ ಮಕ್ಕಳೂ ಕಟ್ಟಿದಿರೇನು ಎಂದು ಕೇಳುತ್ತಾರಂತೆ. ಮಾಸ್ತರು ಕೊಟ್ಟ ಕಪಾಟೂ ಬಂದಿದೆ.

ಬಾಗಲವಾಡದ ಹಿರಿಯರಿಗೂ, ಸುತ್ತಿನ ಹಳ್ಳಿಗಳಲ್ಲಿ ಇದನ್ನು ಮಾಡಬೇಕೆನ್ನುವ ಇತರ ಸಂಘದವರಿಗೂ ಒಂದು ಸೂಚನೆ. ನಾನು ನಿಮ್ಮ ಊರಿಗೆ ಬರುವ ದಿನ, ಹೊಲದ ಕೆಲಸ ಮುಗಿದ ಮೇಲೆ, ಸಂಜೆ ಕುಳಿತು ಮಾಡೋಣ. ನೋಂದಣಿ ಪತ್ರದ ನಕಲು, ಠರಾವು ಬರೆದ ನಡಾವಳಿ ಪುಸ್ತಕ, ನಾಲ್ಕು ಹಾಳೆಯ ಬರಹ, ಸಂಘದ ಸಿಮ್ ಇರುವ ಫೋನು ಇಷ್ಟನ್ನು ತನ್ನಿರಿ. ಫೋನನ್ನು ಮೊದಲೇ ಚಾರ್ಜ್ ಮಾಡಿಕೊಂಡು ಬನ್ನಿರಿ, ಸಂಜೆ ಕರೆಂಟಿನ ಭರವಸೆ ನಾನು ಕೊಡಲಾರೆ.